ಓಡುತ್ತಿರುವುದನ್ನು ಮುಟ್ಟಬೇಕೆ?

(ಹಾಸನದ ಒಂದು ಔಷಧಿ ಸಗಟು ಗೋದಾಮು. ಮಾವ ಸ್ಟಾಕಿಸ್ಟ್. ಸೊಸೆ ಅವರ ಅಕ್ಕನ ಮಗಳು. ಬೆಂಗಳೂರಿನ ಚಿಪ್ ಕಂಪನಿಯೊಂದರಲ್ಲಿ ವೈಫೈ ಡ್ರೈವರ್ ಬರೆಯುವ ಎಂಜಿನಿಯರು.)

ಮಾವ: ಒಳ್ಳೇ ಹೊತ್ತಿಗೆ ಬಂದೆ. ಈ ಸ್ಕ್ಯಾನರ್ ನೋಡು. ಆನ್ ಮಾಡಿದಾಗಲೆಲ್ಲ ಅಪ್‌ಡೇಟ್ ಇದೆ, ಈಗ ಹಾಕಲಾ, ಆಮೇಲೆ ಹಾಕಲಾ ಅಂತ ಕೇಳುತ್ತೆ. 'ಆಮೇಲೆ' ಒತ್ತಿ ಕೆಲಸ ನೋಡಿ ಅಂತ ಹುಡುಗರಿಗೆ ಹೇಳಿಬಿಟ್ಟಿದೀನಿ.

ಸೊಸೆ: ಯಾವಾಗಿನಿಂದ ಈ 'ಆಮೇಲೆ' ನಡೀತಿದೆ ಮಾವ?

ಮಾವ: ಯುಗಾದಿ ಸುಮಾರಿಗೆ ಶುರುವಾಯ್ತು ಅನ್ಸುತ್ತೆ. ಈಗ ದಸರಾ ಬಂತು. ಏನೂ ಆಗಿಲ್ಲವಲ್ಲ! ಬಾರ್‌ಕೋಡ್ ಓದುತ್ತೆ, ಬ್ಯಾಚ್ ನಂಬರ್ ಕಂಪ್ಯೂಟರಿಗೆ ಹೋಗುತ್ತೆ, ಬಿಲ್ ಬರುತ್ತೆ. ಓಡ್ತಿರೋದಕ್ಕೆ ಕೈ ಹಾಕಬಾರದು ಕಣಮ್ಮ.

ಸೊಸೆ: ಕೆಳಗೆ ಸಣ್ಣಕ್ಷರದಲ್ಲಿ ಬರೆದಿದೆ, ಓದಿದ್ರಾ? 'ವೈಫೈ ಡ್ರೈವರ್, ವೈಫೈ ಫರ್ಮ್‌ವೇರ್, ಭದ್ರತೆಯ ತಿದ್ದುಪಡಿ.' ಪರದೆಯ ಬಣ್ಣ ಬದಲಾಯಿಸೋ ಅಪ್‌ಡೇಟ್ ಅಲ್ಲ ಇದು. ನಾನು ಆಫೀಸಲ್ಲಿ ದಿನಾ ಮಾಡೋ ಕೆಲಸವೇ ಇದು.

ಮಾವ: ಹಾಗಾದ್ರೆ ಮೊದಲು ಅದನ್ನೇ ಬಿಡಿಸಿ ಹೇಳು. ವೈಫೈ ಅಂದ್ರೆ ಒಂದು ಆಂಟೆನಾ, ಒಂದು ಚಿಪ್ಪು. ಅದರಲ್ಲಿ ತಿದ್ದೋಕೆ ಏನಿದೆ?

ಸೊಸೆ: ಫೋನಾಗಲಿ, ಈ ಸ್ಕ್ಯಾನರ್ ಆಗಲಿ, ಕೈಲಿ ಹಿಡಿಯೋ ಸಾಧನದಲ್ಲಿ ವೈಫೈ ಕೆಲಸ ಮೂರು ಕಡೆ ಹಂಚಿಹೋಗಿರುತ್ತೆ. ಮೊದಲನೆಯದು ಚಿಪ್ಪಿನ ಒಳಗೆ. ಆ ಚಿಪ್ಪಿಗೆ ತನ್ನದೇ ಒಂದು ಪ್ರೊಸೆಸರ್, ಕೆಲವು ನೂರು ಕಿಲೋಬೈಟ್ ಮೆಮೊರಿ ಇರುತ್ತೆ. ಸ್ಕ್ಯಾನರ್ ಆನ್ ಆದಾಗ ಒಂದು ಫೈಲು ಆ ಚಿಪ್ಪಿಗೆ ಇಳಿಯುತ್ತೆ, ಅದೇ ಫರ್ಮ್‌ವೇರ್. ರೇಡಿಯೊ ಯಾವ ಕ್ಷಣದಲ್ಲಿ ಕಳಿಸಬೇಕು, ಯಾವಾಗ ಕೇಳಬೇಕು, ಯಾವಾಗ ಮಲಗಿ ಬ್ಯಾಟರಿ ಉಳಿಸಬೇಕು, ಎಲ್ಲ ಅದರ ಕೈಲಿ. ಎರಡನೆಯದು ಆಂಡ್ರಾಯ್ಡ್ ಕರ್ನಲ್ ಒಳಗಿರೋ ಡ್ರೈವರ್. ಮೂರನೆಯದು, ಪಾಸ್‌ವರ್ಡ್ ಗೊತ್ತಿದೆ ಅಂತ ರೂಟರಿಗೆ ಸಾಬೀತು ಮಾಡಿ ಗುಪ್ತ ಕೀಲಿ ಹುಟ್ಟಿಸೋ ಪ್ರೋಗ್ರಾಮ್. ಈ ಮೂರರಲ್ಲಿ ಯಾವುದು ಕೆಟ್ಟರೂ ನಿಮಗೆ ಕಾಣೋದು ಒಂದೇ, 'ವೈಫೈ ಸಿಗ್ತಿಲ್ಲ' ಅಂತ. ತಪ್ಪು ಒಳಗಿದ್ದೂ ವೈಫೈ ಸಿಗ್ತಾ ಇದ್ದರೆ ಏನೂ ಕಾಣಲ್ಲ. ನಮ್ಮ ತಲೆನೋವೆಲ್ಲ ಹೀಗೆ ಕಾಣದೇ ಇರೋ ಥರದ್ದು.

ಮಾವ: ಕಾಣದೇ ಇರೋದು ಆಮೇಲಾಯ್ತು. ಕಂಡದ್ದನ್ನ ನಾನು ಹೇಳ್ತೀನಿ, ಕೇಳು. ಹೋದ ವರ್ಷ ಯಂತ್ರ ಕೊಟ್ಟೋರ ಕಡೆ ಹುಡುಗ ಬಂದು ಎಲ್ಲ ಸ್ಕ್ಯಾನರಿಗೂ ಒಂದೇ ಸಲ ಹೊಸ ಸಾಫ್ಟ್‌ವೇರ್ ತುಂಬಿ ಹೋದ. ಮಾರನೇ ದಿನ ಗೋದಾಮಿನ ಹಿಂಭಾಗದಲ್ಲಿ ಒಂದಕ್ಕೂ ನೆಟ್‌ವರ್ಕ್ ಇಲ್ಲ. ಮುಂದೆ ಕೌಂಟರ್ ಹತ್ರ ಸಿಗುತ್ತೆ, ರ‍್ಯಾಕಿನ ಹತ್ರ ಹೋದ್ರೆ ಸತ್ತುಹೋಗುತ್ತೆ. ಪೆನ್ನು ಪುಸ್ತಕ ಹಿಡಿದು ಆರ್ಡರ್ ತೆಗೆದ್ವಿ. ಅವತ್ತೇ ನಿರ್ಧಾರ ಮಾಡಿದ್ದು, ಇನ್ನು ಅಪ್‌ಡೇಟ್ ಸಹವಾಸ ಬೇಡ ಅಂತ.

ಸೊಸೆ: ಹಿಂದುಗಡೆ ರೂಟರ್ ಎಷ್ಟನೇ ಚಾನೆಲ್‌ನಲ್ಲಿತ್ತು?

ಮಾವ: ಹದಿಮೂರೋ ಏನೋ ಅಂದ, ಆಮೇಲೆ ರಿಪೇರಿಗೆ ಬಂದೋನು. ಆರು ಮಾಡಿದ, ಸರಿಹೋಯ್ತು.

ಸೊಸೆ: ಹಾಗಾದ್ರೆ ರೋಗ ಗೊತ್ತಾಯ್ತು. 2.4 ಗಿಗಾಹರ್ಟ್ಸ್ ವೈಫೈಯಲ್ಲಿ ಅಮೆರಿಕದ ಸಾಧನಗಳು 1ರಿಂದ 11ರ ತನಕದ ಚಾನೆಲ್ ಬಳಸುತ್ತವೆ. ನಮ್ಮ ದೇಶದಲ್ಲಿ 13ರವರೆಗೂ ಅವಕಾಶ ಇದೆ. 14ನೆಯದು ಜಪಾನಿಗೆ ಮಾತ್ರ. ಎಲ್ಲಿ ಯಾವ ಚಾನೆಲ್, ಎಷ್ಟು ಶಕ್ತಿ ಅನ್ನೋ ದೇಶವಾರು ಕೋಷ್ಟಕವೊಂದು ಸಾಧನದೊಳಗೆ ಇರುತ್ತೆ. ಹೊಸ ಸಾಫ್ಟ್‌ವೇರ್ ತುಂಬುವಾಗ ದೇಶದ ಜಾಗದಲ್ಲಿ ಅಮೆರಿಕ ಕೂತಿರಬೇಕು. ಅವತ್ತಿನಿಂದ ನಿಮ್ಮ ಸ್ಕ್ಯಾನರ್ 13ನೇ ಚಾನೆಲ್ ಕಡೆ ತಿರುಗಿಯೂ ನೋಡಿಲ್ಲ. ಕಾನೂನು ಪಾಲಿಸ್ತಿದೀನಿ ಅಂದ್ಕೊಂಡಿದೆ ಪಾಪ, ಆದರೆ ಬೇರೆ ದೇಶದ ಕಾನೂನು.

ಮಾವ: ಚಾನೆಲ್ಲಿಗೂ ಸರ್ಕಾರಕ್ಕೂ ಏನು ಸಂಬಂಧ?

ಸೊಸೆ: ರೇಡಿಯೊ ತರಂಗ ಯಾರು ಬಳಸಬೇಕು ಅನ್ನೋದು ಸರ್ಕಾರದ ಅಧೀನ ತಾನೇ? 2.4 ಗಿಗಾಹರ್ಟ್ಸ್ ಅನ್ನು ಲೈಸೆನ್ಸ್ ಇಲ್ಲದೆ ಬಳಸಬಹುದು ಅಂತ ಭಾರತದಲ್ಲಿ ಅಧಿಸೂಚನೆ ಬಂದದ್ದು 2005ರಲ್ಲಿ. 5 ಗಿಗಾಹರ್ಟ್ಸ್‌ನಲ್ಲಿ ಒಟ್ಟು 605 ಮೆಗಾಹರ್ಟ್ಸ್ ಮುಕ್ತವಾದದ್ದು 2018ರ ಅಕ್ಟೋಬರಿನಲ್ಲಿ. ಅದಕ್ಕೂ ಮುಂಚೆ ಕಾರ್ಖಾನೆಯಿಂದ ಹೊರಬಂದ ಸಾಧನಕ್ಕೆ ಆ ಹೊಸ ಜಾಗ ಗೊತ್ತಿರಲ್ಲ. ರೇಡಿಯೊ ಅಲ್ಲಿಗೆ ಮುಟ್ಟುತ್ತಿದ್ದರೂ ಕೋಷ್ಟಕ ತಡೆಯುತ್ತೆ. ದೆಹಲಿಯ ಗೆಜೆಟ್ಟು ನಿಮ್ಮ ರ‍್ಯಾಕಿನ ತನಕ ಬರಬೇಕಾದ್ರೆ ಅಪ್‌ಡೇಟಿನ ದಾರಿಯಲ್ಲೇ ಬರಬೇಕು.

ಮಾವ: ಅಂತೂ ಅವತ್ತು ತಪ್ಪು ಅಪ್‌ಡೇಟಿನದೇ ಅಂತ ಒಪ್ಪಿದೆ.

ಸೊಸೆ: ಒಪ್ಪಿದೆ. ಒಂದಕ್ಕೆ ಹಾಕಿ, ಅದನ್ನ ಹಿಡಿದು ಗೋದಾಮೆಲ್ಲ ಓಡಾಡಿ ನೋಡದೆ, ಎಲ್ಲಕ್ಕೂ ಒಟ್ಟಿಗೆ ಹಾಕಿದ್ದು ಅದಕ್ಕಿಂತ ದೊಡ್ಡ ತಪ್ಪು. ಆದರೆ ಆ ಅಪ್‌ಡೇಟ್ ಕೆಟ್ಟದಿತ್ತು ಅಂತ ಯಾವ ಅಪ್‌ಡೇಟೂ ಬೇಡ ಅಂದ್ರೆ ಲೆಕ್ಕ ಸರಿಹೋಗಲ್ಲ.

ಮಾವ: ಹಾಕದಿದ್ರೆ ಏನಾಗುತ್ತೆ ಹೇಳು. ನನ್ನ ಗೋದಾಮಲ್ಲಿ ಏನಿದೆ? ಪ್ಯಾರಾಸಿಟಮಾಲ್ ಎಷ್ಟು ಪೆಟ್ಟಿಗೆ ಇದೆ ಅಂತ ತಿಳ್ಕೊಂಡು ಯಾವ ಕಳ್ಳ ಏನು ಮಾಡ್ತಾನೆ?

ಸೊಸೆ: ಅಮೆರಿಕದಲ್ಲಿ ಮಾರ್ಷಲ್ಸ್ ಅಂತ ಒಂದು ಬಟ್ಟೆ ಅಂಗಡಿ. ಟಿಜೆಎಕ್ಸ್ ಅನ್ನೋ ದೊಡ್ಡ ಕಂಪನಿಯದು. ಅಲ್ಲೂ ಹುಡುಗರ ಕೈಲಿ ಇಂಥದ್ದೇ ಯಂತ್ರ ಇದ್ದವು, ಬೆಲೆ ನೋಡೋಕೆ, ಸ್ಟಾಕ್ ಎಣಿಸೋಕೆ. ಬೆಲೆ ಚೀಟಿ ಕದ್ದು ಏನು ಮಾಡ್ತಾರೆ ಅಂತ ಅವರೂ ಅಂದುಕೊಂಡಿರಬಹುದು. 2005ರಲ್ಲಿ ಕಳ್ಳರು ಅಂಗಡಿಯ ಹೊರಗಿಂದಲೇ ಆ ಯಂತ್ರಗಳ ವೈಫೈ ಮಾತು ಕದ್ದು ಕೇಳಿ ಬಿಡಿಸಿಕೊಂಡರು. ಅಲ್ಲಿಂದ ಒಳಗಿನ ಕಂಪ್ಯೂಟರ್, ಅಲ್ಲಿಂದ ಕಂಪನಿಯ ಮುಖ್ಯ ಸರ್ವರ್. ವಿಷಯ ಜಗತ್ತಿಗೆ ಗೊತ್ತಾದದ್ದು 2007ರ ಜನವರಿಯಲ್ಲಿ. ಅಷ್ಟರಲ್ಲಿ 4 ಕೋಟಿ 57 ಲಕ್ಷ ಕಾರ್ಡುಗಳ ವಿವರ ಹೋಗಿತ್ತು ಅಂತ ಕಂಪನಿಯೇ ಹೇಳಿತು. ಮುಖ್ಯ ಆರೋಪಿ ಆಲ್ಬರ್ಟ್ ಗೊನ್ಜಾಲೆಸ್‌ಗೆ 2010ರಲ್ಲಿ 20 ವರ್ಷ ಶಿಕ್ಷೆ ಆಯ್ತು.

ಮಾವ: ಹೊರಗೆ ಕೂತು ಕೇಳಿಸಿಕೊಳ್ಳೋದಾ? ಪಾಸ್‌ವರ್ಡ್ ಇರಲಿಲ್ವಾ?

ಸೊಸೆ: ಇತ್ತು. ಆದರೆ ಅವರು ಬಳಸ್ತಿದ್ದದ್ದು ಡಬ್ಲ್ಯುಇಪಿ, 'ವೆಪ್' ಅಂತೀವಿ. ವೈಫೈಯ ಮೊದಲ ಬೀಗ ಅದು. ಮಾಹಿತಿಯ ಪ್ರತಿ ಪೊಟ್ಟಣಕ್ಕೂ ಬೇರೆ ಬೇರೆ ಸಂಖ್ಯೆ ಸೇರಿಸಿ ಗುಪ್ತಗೊಳಿಸಬೇಕು, ಆ ಸಂಖ್ಯೆಗೆ ಕೊಟ್ಟಿದ್ದು 24 ಬಿಟ್. ಅಂದ್ರೆ ಸುಮಾರು 1 ಕೋಟಿ 67 ಲಕ್ಷ ಸಂಖ್ಯೆಗಳು. ಕೇಳೋಕೆ ದೊಡ್ಡದು, ಬಿಡುವಿಲ್ಲದ ನೆಟ್‌ವರ್ಕಿನಲ್ಲಿ ಗಂಟೆಗಳಲ್ಲಿ ಮುಗಿದು ಮತ್ತೆ ಅದೇ ಸಂಖ್ಯೆ ಬರುತ್ತೆ. 2001ರಲ್ಲಿ ಫ್ಲೂರರ್, ಮಾಂಟಿನ್, ಶಮೀರ್ ಅನ್ನೋ ಮೂವರು ಇನ್ನೂ ಆಳದ ದೋಷ ತೋರಿಸಿದರು. ಸುಮ್ಮನೆ ಕೇಳುತ್ತಾ ಕೂತರೆ ಕೀಲಿಯೇ ಹೊರಬೀಳುತ್ತೆ ಅಂತ. ಟಿಜೆಎಕ್ಸ್ ಬಗ್ಗೆ ಕೆನಡಾದ ಖಾಸಗಿತನ ಆಯುಕ್ತರು 2007ರಲ್ಲಿ ತನಿಖೆ ಮಾಡಿ ಹೇಳಿದ್ದೂ ಇದನ್ನೇ: ಹಳೇ ಬೀಗ ಬದಲಾಯಿಸೋದರಲ್ಲಿ ಕಂಪನಿ ತಡ ಮಾಡಿತು.

ಮಾವ: ಬೀಗ ಮುರಿದಿದೆ ಅಂತ 2001ರಲ್ಲೇ ಗೊತ್ತಾಯ್ತು. 2005ರವರೆಗೂ ಯಾಕೆ ಇಟ್ಕೊಂಡಿದ್ರು? ಹೊಸ ಯಂತ್ರ ತಗೊಳ್ಳೋಕೆ ದುಡ್ಡು ಬೇಕು ಅಂತ ತಾನೇ? ಆ ಕಷ್ಟ ನನಗೆ ಅರ್ಥ ಆಗುತ್ತೆ.

ಸೊಸೆ: ಆ ಕಷ್ಟ ಗೊತ್ತಿದ್ದೇ ಎಂಜಿನಿಯರುಗಳು ಒಂದು ಉಪಾಯ ಮಾಡಿದ್ರು. ನಮ್ಮ ಕಸುಬಿನಲ್ಲಿ ನನಗೆ ತುಂಬಾ ಇಷ್ಟವಾದ ಕಥೆ ಇದು. ಹಳೇ ಕಾರ್ಡುಗಳಲ್ಲಿ ಆರ್‌ಸಿ4 ಅನ್ನೋ ಗೂಢಲಿಪಿಯ ಯಂತ್ರಾಂಶ ಕೂತುಬಿಟ್ಟಿತ್ತು, ಬದಲಾಯಿಸೋ ಹಾಗಿರಲಿಲ್ಲ. ಸರಿ, ಅದನ್ನೇ ಇಟ್ಕೊಂಡು, ಅದರ ಸುತ್ತ ಬರೀ ಫರ್ಮ್‌ವೇರ್ ಮತ್ತು ಡ್ರೈವರ್ ಬದಲಾಯಿಸಿ ಹೊಸ ಬೀಗ ಕಟ್ಟಿದ್ರು. ಅದಕ್ಕೆ ಟಿಕೆಐಪಿ ಅಂತ ಹೆಸರು. ಅದು ಡಬ್ಲ್ಯುಪಿಎ ಅನ್ನೋ ಗುರುತಿನಲ್ಲಿ 2003ರಲ್ಲಿ ಮಾರುಕಟ್ಟೆಗೆ ಬಂತು. ನೀಲ್ಸ್ ಫರ್ಗ್ಯುಸನ್ ಅನ್ನೋರು ಸಂದೇಶ ಯಾರೂ ತಿರುಚಿಲ್ಲ ಅಂತ ಪರೀಕ್ಷಿಸೋ 'ಮೈಕೇಲ್' ಅನ್ನೋ ಲೆಕ್ಕಾಚಾರ ಮಾಡಿಕೊಟ್ಟರು. ಆ ಬಡ ಪ್ರೊಸೆಸರುಗಳು ಹೊರುವಷ್ಟೇ ಭಾರ ಹಾಕಬೇಕಿತ್ತು. ಹಾಗಾಗಿ ಮೈಕೇಲ್ ಬೇಕಂತಲೇ ಹಗುರ, ಅಷ್ಟೇನೂ ಗಟ್ಟಿಯಲ್ಲ. ಅದನ್ನ ಸರಿದೂಗಿಸೋಕೆ ಒಂದು ನಿಯಮ ಇಟ್ಟರು: ಒಂದು ನಿಮಿಷದೊಳಗೆ ಎರಡು ಸಲ ತಿರುಚಿದ ಸಂದೇಶ ಬಂದರೆ ನೆಟ್‌ವರ್ಕ್ ಒಂದು ನಿಮಿಷ ಬಾಗಿಲು ಹಾಕಬೇಕು.

ಮಾವ: ಹಳೇ ಯಂತ್ರಕ್ಕೆ ಹೊಸ ಆಯುಸ್ಸು. ಇದು ಕೇಳೋಕೆ ಚೆನ್ನಾಗಿದೆ. ಅಪ್‌ಡೇಟ್ ಅಂದ್ರೆ ಹೊಸದು ಮಾರೋ ತಂತ್ರ ಅಂದ್ಕೊಂಡಿದ್ದೆ.

ಸೊಸೆ: ಆದರೆ ಅದು ಸೇತುವೆ ಅಷ್ಟೇ ಅಂತ ಕಟ್ಟಿದೋರಿಗೇ ಗೊತ್ತಿತ್ತು. 2004ರಲ್ಲಿ ಡಬ್ಲ್ಯುಪಿಎ2 ಬಂತು, ಎಇಎಸ್ ಅನ್ನೋ ಗಟ್ಟಿ ಗೂಢಲಿಪಿಯ ಜೊತೆ. 2006ರ ಮಾರ್ಚ್‌ನಿಂದ ವೈಫೈ ಮುದ್ರೆ ಬೇಕು ಅನ್ನೋ ಹೊಸ ಸಾಧನಗಳಿಗೆಲ್ಲ ಅದು ಕಡ್ಡಾಯವಾಯ್ತು. ಎಇಎಸ್ ಲೆಕ್ಕ ಹಾಕೋ ತಾಕತ್ತು ಹಳೇ ಕಾರ್ಡುಗಳಲ್ಲಿ ಅನೇಕಕ್ಕೆ ಇರಲಿಲ್ಲ, ಅಲ್ಲಿಗೆ ಅವುಗಳ ಕಾಲ ಮುಗೀತು. ಇನ್ನು ತಿದ್ದುಪಡಿಯ ದಾರಿಯೇ ಇಲ್ಲದ ಸಾಧನದ ಕಥೆ ಬೇಕಾ? ನಿಂಟೆಂಡೊ ಡಿಎಸ್. ಮಕ್ಕಳು ಕೈಲಿ ಹಿಡಿದು ಆಡೋ ಆಟದ ಯಂತ್ರ, 2004ರಲ್ಲಿ ಬಂತು. ಅಷ್ಟೊತ್ತಿಗೆ ವೆಪ್ ಮುರಿದು ಮೂರು ವರ್ಷ ಆಗಿತ್ತು, ಆದರೂ ಡಿಎಸ್‌ಗೆ ಬರ್ತಿದ್ದದ್ದು ವೆಪ್ ಒಂದೇ. ವೈಫೈ ಜೋಡಿಸೋ ಪ್ರೋಗ್ರಾಮು ಮಾರಿಹೋದ ಆಟದ ಕಾರ್ಡುಗಳಲ್ಲೇ ಅಚ್ಚಾಗಿತ್ತು. ಒಂದು ಸಲ ಮಾರಿದ ಕಾರ್ಡನ್ನ ಯಾರು ತಿದ್ದೋದು? ಮಗ ಇಂಟರ್ನೆಟ್ ಮೂಲಕ ಗೆಳೆಯರ ಜೊತೆ ಆಡಬೇಕು ಅಂದ್ರೆ ಅಪ್ಪ ಮನೆಯ ರೂಟರಿನ ಬೀಗವನ್ನೇ ವೆಪ್‌ಗೆ ಇಳಿಸಬೇಕಿತ್ತು. ಒಂದು ಆಟದ ಯಂತ್ರಕ್ಕೋಸ್ಕರ ಮನೆಯ ಕಂಪ್ಯೂಟರುಗಳಿಗೆಲ್ಲ ಸಡಿಲ ಬೀಗ.

ಮಾವ: ನಿನ್ನ ಮಾತಿನ ಪ್ರಕಾರ ನನ್ನ ಹಳೇ ಸ್ಕ್ಯಾನರ್ ಬರೀ ತಾನು ಕೆಡೋದಲ್ಲ, ಬಿಲ್ಲಿಂಗ್ ಕಂಪ್ಯೂಟರನ್ನೂ ಕೆಡಿಸುತ್ತೆ. ಆದರೆ ನಾನು ಸುಮ್ಮನೆ ಕೂತಿಲ್ಲಮ್ಮ. ರೂಟರ್ ಈ ವರ್ಷ ಹೊಸದು ಹಾಕಿಸಿದೀನಿ. ಅದು ಗಟ್ಟಿ ಇದ್ರೆ ಸಾಲದಾ?

ಸೊಸೆ: 2017ರ ಅಕ್ಟೋಬರ್ 16ರಂದು ಇಡೀ ಜಗತ್ತು ಕೇಳಿದ ಪ್ರಶ್ನೆ ಇದು. ಬೆಲ್ಜಿಯಂನ ಲ್ಯೂವೆನ್ ವಿಶ್ವವಿದ್ಯಾಲಯದ ಮ್ಯಾತಿ ವಾನ್‌ಹೂಫ್ ಮತ್ತು ಫ್ರಾಂಕ್ ಪೀಸೆನ್ಸ್ ಅವತ್ತು 'ಕ್ರ್ಯಾಕ್' ಅನ್ನೋ ದೋಷ ಬಯಲು ಮಾಡಿದ್ರು. ಸ್ಕ್ಯಾನರೂ ರೂಟರೂ ಸೇರುವಾಗ ನಾಲ್ಕು ಸಂದೇಶಗಳ ವಿನಿಮಯ ಆಗುತ್ತೆ. ಮೂರನೆಯದು ಬಂದ ಕೂಡಲೇ ಸ್ಕ್ಯಾನರ್ ಕೀಲಿಯನ್ನ ಜೋಡಿಸಿ, ಪೊಟ್ಟಣ ಎಣಿಸೋ ಲೆಕ್ಕವನ್ನ ಮೊದಲಿಂದ ಶುರು ಮಾಡುತ್ತೆ. ಉತ್ತರ ತಲುಪದಿದ್ರೆ ರೂಟರ್ ಮೂರನೇ ಸಂದೇಶವನ್ನ ಮತ್ತೆ ಕಳಿಸುತ್ತೆ. ಕಳ್ಳ ನಡುವೆ ಕೂತು ಉತ್ತರವನ್ನ ತಡೆದ ಅಂತಿಟ್ಕೊಳ್ಳಿ. ಸ್ಕ್ಯಾನರ್ ಅದೇ ಕೀಲಿಯನ್ನ ಮತ್ತೆ ಜೋಡಿಸುತ್ತೆ, ಲೆಕ್ಕ ಮತ್ತೆ ಸೊನ್ನೆಗೆ ಬರುತ್ತೆ. ಒಂದೇ ಕೀಲಿ, ಒಂದೇ ಸಂಖ್ಯೆ ಬಳಸಿ ಎರಡು ಬೇರೆ ಪೊಟ್ಟಣ ಹೋದ್ರೆ ಅವನ್ನ ಬಿಡಿಸೋಕೆ ದಾರಿ ಸಿಕ್ಕಿಬಿಡುತ್ತೆ. ಆಂಡ್ರಾಯ್ಡ್ 6ರಲ್ಲಂತೂ ಇನ್ನೂ ಕೆಟ್ಟದಾಗಿತ್ತು. ಒಂದು ಸಲ ಜೋಡಿಸಿದ ಮೇಲೆ ಪ್ರೋಗ್ರಾಮು ಕೀಲಿಯನ್ನ ಮೆಮೊರಿಯಿಂದ ಅಳಿಸುತ್ತಿತ್ತು. ಒಳ್ಳೇ ಉದ್ದೇಶವೇ. ಆದರೆ ಎರಡನೇ ಸಲ ಜೋಡಿಸುವಾಗ ಅಲ್ಲಿ ಉಳಿದಿದ್ದು ಬರೀ ಸೊನ್ನೆಗಳ ಕೀಲಿ.

ಮಾವ: ಇದರಲ್ಲಿ ರೂಟರಿನ ತಪ್ಪೇನಿದೆ? ಮತ್ತೆ ಕಳಿಸೋದು ಅದರ ಕರ್ತವ್ಯ.

ಸೊಸೆ: ಅದೇ ನನ್ನ ಉತ್ತರವೂ. ದೋಷ ಇದ್ದದ್ದು ಕೀಲಿಯನ್ನ ಎರಡನೇ ಸಲ ಜೋಡಿಸಿಕೊಳ್ಳೋ ಕಡೆ, ಹೆಚ್ಚಾಗಿ ಕೈಯಲ್ಲಿರೋ ಸಾಧನದ ಕಡೆ. ಅತಿ ದುಬಾರಿ ರೂಟರ್ ತಂದರೂ ಫೋನು, ಸ್ಕ್ಯಾನರ್ ತಿದ್ದದೆ ಅದು ಹೋಗ್ತಿರಲಿಲ್ಲ. ತಿದ್ದಿದ ಸಾಧನ ಹಳೇ ರೂಟರ್ ಜೊತೆಗೂ ಹೊಂದಿಕೊಂಡು ಕೆಲಸ ಮಾಡ್ತಿತ್ತು. ಒಂದು ರೂಪಾಯಿ ಯಂತ್ರಾಂಶ ಬದಲಾಗಲಿಲ್ಲ.

ಮಾವ: ಸರಿ, ಕೀಲಿ ಜೋಡಿಸೋ ಪ್ರೋಗ್ರಾಮಿನದಾಯ್ತು. ಚಿಪ್ಪಿನೊಳಗಿನ ಫೈಲು ಅಂದೆಯಲ್ಲ, ಅದನ್ನ ಯಾರು ಮುಟ್ತಾರೆ?

ಸೊಸೆ: ಅದೇ 2017ರಲ್ಲಿ ಅದೂ ಆಯ್ತು. ಆ ವರ್ಷ ನಮ್ಮ ಕಸುಬಿಗೆ ಸಾಡೇಸಾತಿ. ಗೂಗಲ್‌ನ ಗಾಲ್ ಬೆನಿಯಾಮಿನಿ ಏಪ್ರಿಲ್‌ನಲ್ಲಿ, ನಿತಾಯ್ ಆರ್ಟೆನ್‌ಸ್ಟೈನ್ ಜುಲೈನಲ್ಲಿ, ಇಬ್ಬರೂ ಬ್ರಾಡ್‌ಕಾಮ್ ಚಿಪ್ಪುಗಳ ಫರ್ಮ್‌ವೇರ್‌ನಲ್ಲಿ ದಾರಿ ಕಂಡುಹಿಡಿದ್ರು. ಐಫೋನಲ್ಲೂ ಅನೇಕ ಆಂಡ್ರಾಯ್ಡ್ ಫೋನಲ್ಲೂ ಇದ್ದ ಚಿಪ್ಪುಗಳು ಅವು. ಫೋನ್ ಹಿಡಿದೋರು ಏನನ್ನೂ ಒತ್ತಬೇಕಿಲ್ಲ. ಹತ್ತಿರದಲ್ಲಿ ಕೂತು ಅಳತೆ ಮೀರಿದ ಒಂದು ರೇಡಿಯೊ ಸಂದೇಶ ಕಳಿಸಿದ್ರೆ ಚಿಪ್ಪಿನ ಮೆಮೊರಿ ಉಕ್ಕಿ, ಕಳಿಸಿದವನ ಪ್ರೋಗ್ರಾಮ್ ಒಳಗೆ ಓಡೋಕೆ ಶುರುವಾಗುತ್ತೆ. ದೊಡ್ಡ ಪ್ರೊಸೆಸರಿನಲ್ಲಿ ವರ್ಷಗಳಿಂದ ಇದ್ದ ಕಾವಲು ಈ ಪುಟ್ಟ ಪ್ರೊಸೆಸರಿನಲ್ಲಿ ಇರಲೇ ಇಲ್ಲ. ಆರ್ಟೆನ್‌ಸ್ಟೈನ್ ಕಂಡ 'ಬ್ರಾಡ್‌ಪೋನ್' ದೋಷಕ್ಕೆ ಆಂಡ್ರಾಯ್ಡ್‌ಗೆ ಜುಲೈ ತಿಂಗಳ ಭದ್ರತಾ ಕಂತಿನಲ್ಲಿ, ಐಫೋನಿಗೆ ಐಓಎಸ್ 10.3.3ರಲ್ಲಿ ತಿದ್ದುಪಡಿ ಬಂತು.

ಮಾವ: ಚಿಪ್ಪಿನಲ್ಲಿ ಅಚ್ಚಾದದ್ದನ್ನ ಹೇಗೆ ತಿದ್ದೋದು?

ಸೊಸೆ: ಒಂದಷ್ಟು ಭಾಗ ನಿಜವಾಗಿಯೂ ಅಚ್ಚೇ, ರಾಮ್ ಅಲ್ಲ, ರೋಮ್. ಅದನ್ನ ಅಳಿಸೋಕಾಗಲ್ಲ. ಹಾಗಾಗಿ ಆ ಸಾಲು ಬಂದಾಗ ಅಲ್ಲಿಂದ ಹಾರಿ ಮೆಮೊರಿಯಲ್ಲಿರೋ ಹೊಸ ಸಾಲಿಗೆ ಹೋಗು ಅಂತ ಒಂದು ಪಟ್ಟಿ ಮಾಡ್ತೀವಿ. ಆ ಪಟ್ಟಿಯಲ್ಲಿ ಜಾಗ ಇರೋದು ಎಣಿಸಿದಷ್ಟು. ಹಳೇ ಚಿಪ್ಪಿಗೆ ತಿದ್ದುಪಡಿ ಬರೆಯುವಾಗ ಜಾಗ ಸಾಲದೆ ಯಾವ ಸೌಲಭ್ಯ ತೆಗೆಯೋಣ ಅಂತ ಮೀಟಿಂಗಲ್ಲಿ ಜಗಳ ಆಗುತ್ತೆ. ತೀರಾ ಸಣ್ಣ ತಪ್ಪಿನಿಂದಲೂ ಪೇಚಾಟ ಆಗುತ್ತೆ, ಕೇಳಿ. 2021ರಲ್ಲಿ ಒಬ್ಬರು ತಮ್ಮ ವೈಫೈಗೆ ಶೇಕಡಾ ಚಿಹ್ನೆಗಳನ್ನೂ ಕೆಲವು ಅಕ್ಷರಗಳನ್ನೂ ಸೇರಿಸಿ ಹೆಸರಿಟ್ಟರು. ಆ ಹೆಸರಿಗೆ ಸೇರಿದ ಐಫೋನಿನಲ್ಲಿ ವೈಫೈ ನಿಂತೇಹೋಯ್ತು, ಆಫ್ ಮಾಡಿ ಆನ್ ಮಾಡಿದರೂ ಬರಲಿಲ್ಲ. ಹೆಸರನ್ನ ಹೆಸರು ಅಂತ ಓದದೆ ಆಜ್ಞೆ ಅಂತ ಓದಿಬಿಟ್ಟಿತ್ತು. ಜುಲೈನಲ್ಲಿ ಐಓಎಸ್ 14.7 ಬಂದು ಸರಿಮಾಡಿತು.

ಮಾವ: ನೀನು ಹೇಳೋ ಕಳ್ಳರೆಲ್ಲ ಇರಬಹುದು. ಆದರೆ ಕಂಪನಿಯೋರೇನು ಸಾಚಾನಾ? ಅಪ್‌ಡೇಟ್ ಹಾಕಿದ ಮೇಲೆ ಫೋನ್ ನಿಧಾನ ಆಯ್ತು ಅಂತ ಎಷ್ಟು ಜನ ಗೊಣಗ್ತಾರೆ!

ಸೊಸೆ: ಗೊಣಗಾಟದಲ್ಲಿ ಸತ್ಯ ಇದ್ದದ್ದೂ ಉಂಟು. ಹಳೇ ಬ್ಯಾಟರಿಯ ಐಫೋನುಗಳನ್ನ ಅಪ್‌ಡೇಟ್ ಮೂಲಕ ನಿಧಾನ ಮಾಡಿ, ಬಳಕೆದಾರರಿಗೆ ಹೇಳಲಿಲ್ಲ ಅಂತ ಫ್ರಾನ್ಸ್ 2020ರಲ್ಲಿ ಆಪಲ್‌ಗೆ ಎರಡೂವರೆ ಕೋಟಿ ಯೂರೊ ದಂಡ ಹಾಕಿತು. ಕೆಟ್ಟ ಅಪ್‌ಡೇಟೂ ಉಂಟು. 2014ರ ಸೆಪ್ಟೆಂಬರಿನ ಐಓಎಸ್ 8.0.1 ಹಾಕಿದೋರ ಐಫೋನ್ 6ರಲ್ಲಿ ಮೊಬೈಲ್ ಸಿಗ್ನಲ್ಲೇ ಹೋಯ್ತು. ಸುಮಾರು ಒಂದು ಗಂಟೆಯಲ್ಲಿ ವಾಪಸ್ ತಗೊಂಡು, ಮಾರನೇ ದಿನ 8.0.2 ಕೊಟ್ಟರು. ಹಾಗಾಗಿ ನಿಮ್ಮ ಅನುಮಾನ ಬಿಡಿ ಅಂತ ನಾನು ಹೇಳಲ್ಲ. ಅನುಮಾನಕ್ಕೆ ತಕ್ಕ ಪರೀಕ್ಷೆ ಮಾಡಿ ಅಂತೀನಿ.

ಮಾವ: ಈಗಿನ ಯಂತ್ರಗಳಲ್ಲಿ ಕೆಟ್ಟರೆ ಹಿಂದಕ್ಕೆ ಹೋಗೋ ವ್ಯವಸ್ಥೆ ಇದೆಯಂತಲ್ಲ?

ಸೊಸೆ: 2016ರ ಆಂಡ್ರಾಯ್ಡ್ 7ರಿಂದ ಎರಡು ಪ್ರತಿ ಇಡೋ ಪದ್ಧತಿ ಬಂದಿದೆ. ನೀವು ಒಂದರಲ್ಲಿ ಕೆಲಸ ಮಾಡ್ತಿರುವಾಗ ಹೊಸದು ಇನ್ನೊಂದಕ್ಕೆ ಇಳಿಯುತ್ತೆ. ರೀಸ್ಟಾರ್ಟ್ ಮಾಡಿದಾಗ ಹೊಸದು ಏಳದಿದ್ರೆ ಹಳೇದಕ್ಕೆ ಮರಳುತ್ತೆ. ಆದರೆ ಅದಕ್ಕೆ ಗೊತ್ತಾಗೋದು ಎದ್ದಿತೋ ಇಲ್ಲವೋ ಅನ್ನೋದು ಮಾತ್ರ. ಎದ್ದು, 13ನೇ ಚಾನೆಲ್ ಕಾಣದೆ ಕೂತರೆ ಅದರ ಪಾಲಿಗೆ ಎಲ್ಲ ಸರಿಯಾಗಿದೆ. ಕೈಯಾರೆ ಹಳೇದಕ್ಕೆ ಹೋಗೋಣ ಅಂದ್ರೆ ಅನೇಕ ಸಾಧನಗಳು ಬಿಡಲ್ಲ, ಮುಚ್ಚಿದ ದೋಷವನ್ನ ಕಳ್ಳ ಹಾಗೆಯೇ ತೆರೆಯಬಹುದು ಅಂತ. ಇನ್ನೊಂದು ತಮಾಷೆ, ವೈಫೈ ತಿದ್ದುಪಡಿ ವೈಫೈ ಮೂಲಕವೇ ಬರುತ್ತೆ. ಅದೇ ಕೆಟ್ಟರೆ ಮದ್ದು ಬರೋ ದಾರಿಯೂ ಬಂದ್. ಅದಕ್ಕೇ ಯುಎಸ್‌ಬಿ ಕೇಬಲ್ ಕೈಗೆ ಸಿಗೋ ಹಾಗಿರಲಿ.

ಮಾವ: ನೀನು ಬರೆದ ತಿದ್ದುಪಡಿ ನನ್ನ ಕೈಗೆ ಬರೋಕೆ ಎಷ್ಟು ಜನ ದಾಟಬೇಕು? ನಮ್ಮಲ್ಲಿ ಒಂದು ಬ್ಯಾಚ್ ಸರಿಯಿಲ್ಲ ಅಂತಾದ್ರೆ ಕಂಪನಿ ವಾಪಸಾತಿ ಪತ್ರ ಕಳಿಸುತ್ತೆ. ಅದು ಸಿ ಅಂಡ್ ಎಫ್ ಏಜೆಂಟಿಗೆ, ಅಲ್ಲಿಂದ ನನಗೆ, ನನ್ನಿಂದ ಮೆಡಿಕಲ್ ಶಾಪಿಗೆ.

ಸೊಸೆ: ಅದೇ ಸರಪಳಿ. ಚಿಪ್ ಕಂಪನಿಯಲ್ಲಿ ನಾವು ಬರೀತೀವಿ. ಹೊರಗಿನ ರೇಡಿಯೊ ಒಳಗೆ ಬರದ ಕೋಣೆಯಲ್ಲಿ ರಾಶಿ ರೂಟರುಗಳ ಎದುರು ಓಡಿಸಿ ನೋಡ್ತೀವಿ. ಅಲ್ಲಿಂದ ಸಾಧನ ತಯಾರಕರಿಗೆ ಹೋಗುತ್ತೆ. ಅವರು ತಮ್ಮ ಆಂಡ್ರಾಯ್ಡ್‌ಗೆ ಬೆಸೆದು, ಮತ್ತೆ ಪರೀಕ್ಷೆ ಮಾಡಿ, ಸಹಿ ಹಾಕಿ, ನಿಮಗೆ ಮಾರಿದೋರ ಮೂಲಕ ಕಳಿಸಬೇಕು. ಫರ್ಮ್‌ವೇರ್‌ನ ಮೂಲ ಬರಹ ಸಾಮಾನ್ಯವಾಗಿ ನಮ್ಮ ಹತ್ರವೇ ಇರುತ್ತೆ, ಅವರಿಗೆ ಸಿಗೋದು ಸಿದ್ಧ ಫೈಲು. ನಾವು ಆ ಚಿಪ್ಪನ್ನ ಕೈಬಿಟ್ಟರೆ ಅವರಿಗೆ ಮನಸ್ಸಿದ್ದರೂ ತಿದ್ದೋಕಾಗಲ್ಲ.

ಮಾವ: ನಮ್ಮಲ್ಲಿ ಪತ್ರ ನಿಲ್ಲೋದು ನಡುವಿನೋರ ಮೇಜಿನ ಮೇಲೆ. ನಿಮ್ಮಲ್ಲಿ?

ಸೊಸೆ: ಅಲ್ಲೇ. ಗೂಗಲ್ 2017ರಲ್ಲಿ ಟ್ರೆಬಲ್ ಅನ್ನೋ ವ್ಯವಸ್ಥೆ ತಂದದ್ದು ಈ ನಡುವಿನ ಗಂಟು ಸಡಿಲಿಸೋಕೆ. ಚಿಪ್ಪಿಗೆ ಸಂಬಂಧಪಟ್ಟ ಭಾಗವನ್ನ ಉಳಿದ ಆಂಡ್ರಾಯ್ಡ್‌ನಿಂದ ಬೇರೆ ಮಾಡಿದ್ರು. ಹಟ ಹಿಡಿದು ಮಾಡಿದೋರೂ ಇದ್ದಾರೆ. ನೆದರ್ಲೆಂಡ್ಸ್‌ನ ಫೇರ್‌ಫೋನ್ ಕಂಪನಿ 2015ರಲ್ಲಿ ತಂದ ಫೇರ್‌ಫೋನ್ 2ಕ್ಕೆ 2023ರವರೆಗೆ ತಿದ್ದುಪಡಿ ಕೊಟ್ಟಿತು, ಅದರ ಚಿಪ್ಪಿಗೆ ತಯಾರಕರ ಬೆಂಬಲ ಎಷ್ಟೋ ಮೊದಲೇ ನಿಂತಿದ್ದರೂ. ಸ್ಕ್ಯಾನರ್ ಲೋಕದಲ್ಲಿ ಇನ್ನೊಂದು ತೊಡಕು, ತಯಾರಕರೇ ಕೈ ಬದಲಾಗ್ತಾರೆ. ಈ ಯಂತ್ರಗಳಿಗೆ ಹೆಸರಾಗಿದ್ದ ಸಿಂಬಲ್ ಕಂಪನಿ 2007ರಲ್ಲಿ ಮೋಟೊರೋಲ ಪಾಲಾಯ್ತು, 2014ರಲ್ಲಿ ಆ ವ್ಯಾಪಾರ ಜೀಬ್ರಾ ಕೈಗೆ ಹೋಯ್ತು. ಅವುಗಳಲ್ಲಿ ಓಡ್ತಿದ್ದ ವಿಂಡೋಸ್ ಎಂಬೆಡೆಡ್ ಹ್ಯಾಂಡ್‌ಹೆಲ್ಡ್ 6.5ಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಬೆಂಬಲ ನಿಲ್ಲಿಸಿತು. ಯಂತ್ರ ಗಟ್ಟಿಯಾಗಿಯೇ ಇತ್ತು, ನೆಲಕ್ಕೆ ಬಿದ್ದರೂ ಒಡೀತಿರಲಿಲ್ಲ.

ಮಾವ: ತಡಿ, ಒಂದು ಮಾತು ಹೊಳೀತು. ಇಲ್ಲಿರೋ ಪ್ರತಿ ಸ್ಟ್ರಿಪ್ಪಿನ ಮೇಲೂ ತಿಂಗಳು, ವರ್ಷ ಅಚ್ಚಾಗಿದೆ. ಮಾತ್ರೆ ನೋಡೋಕೆ ಹಾಗೇ ಇರುತ್ತೆ, ಬಣ್ಣ ಮಾಸಿರಲ್ಲ. ಆದರೂ ದಿನಾಂಕ ದಾಟಿದ್ರೆ ಅದನ್ನ ರ‍್ಯಾಕಿನಿಂದ ತೆಗೀಬೇಕು. 'ನೋಡೋಕೆ ಚೆನ್ನಾಗಿದೆ' ಅಂತ ನಾನು ಮಾರೋ ಹಾಗಿಲ್ಲ. ಈ ಸ್ಕ್ಯಾನರ್ ಮೇಲೆ ಅಂಥ ದಿನಾಂಕ ಎಲ್ಲಿದೆ?

ಸೊಸೆ: ನಾನು ಇಷ್ಟೊತ್ತು ಸುತ್ತಿ ಬಳಸಿ ಬರ್ತಿದ್ದ ಜಾಗಕ್ಕೆ ನೀವು ನೇರವಾಗಿ ಬಂದ್ರಿ ಮಾವ. ಬ್ರಿಟನ್ನಿನಲ್ಲಿ 2024ರ ಏಪ್ರಿಲ್ 29ರಿಂದ, ನೆಟ್‌ವರ್ಕಿಗೆ ಸೇರೋ ಗ್ರಾಹಕ ಸಾಧನ ಮಾರೋರು ಭದ್ರತಾ ತಿದ್ದುಪಡಿ ಕನಿಷ್ಠ ಯಾವತ್ತಿನವರೆಗೆ ಕೊಡ್ತೀವಿ ಅಂತ ಬಹಿರಂಗವಾಗಿ ಹೇಳಲೇಬೇಕು. ಯುರೋಪಿಯನ್ ಒಕ್ಕೂಟದಲ್ಲಿ 2025ರ ಜೂನ್ 20ರಿಂದ ಹೊಸ ಫೋನು, ಟ್ಯಾಬ್ಲೆಟ್‌ಗಳ ನಿಯಮ ಬಂದಿದೆ; ಆ ಮಾದರಿಯ ಮಾರಾಟ ನಿಂತ ಮೇಲೂ ಐದು ವರ್ಷ ತಿದ್ದುಪಡಿ ಸಿಗಬೇಕು. ಅವರ ಇನ್ನೊಂದು ಕಾಯ್ದೆಯ ಮುಖ್ಯ ಭಾಗ 2027ರ ಡಿಸೆಂಬರಿನಲ್ಲಿ ಜಾರಿಗೆ ಬರುತ್ತೆ. ಅದರಲ್ಲಿ ಏನಿದೆ ಗೊತ್ತಾ? ಬೆಂಬಲ ಮುಗಿಯೋ ತಿಂಗಳು ಮತ್ತು ವರ್ಷವನ್ನ ಖರೀದಿ ಸಮಯದಲ್ಲೇ ಗ್ರಾಹಕನಿಗೆ ಸ್ಪಷ್ಟವಾಗಿ ತಿಳಿಸಬೇಕು.

ಮಾವ: ತಿಂಗಳು ಮತ್ತು ವರ್ಷ. ನಮ್ಮ ಸ್ಟ್ರಿಪ್ಪಿನ ಹಾಗೇ.

ಸೊಸೆ: ಹಾಗೇ. ಇಲ್ಲಿ ನೀವೇ ಕೇಳಿ ಬರೆಸಿಕೊಳ್ಳಬೇಕು. ಕೇಳೋದನ್ನೂ ಸರಿಯಾಗಿ ಕೇಳಬೇಕು. ಗ್ಯಾರಂಟಿ ಎಷ್ಟು ವರ್ಷ ಅಂತ ಕೇಳಿದ್ರೆ ಪರದೆ, ಬ್ಯಾಟರಿ ಬಗ್ಗೆ ಹೇಳ್ತಾರೆ. ವೈಫೈ ಚಿಪ್ಪಿಗೆ ಭದ್ರತಾ ತಿದ್ದುಪಡಿ ಯಾವ ತಿಂಗಳವರೆಗೆ ಬರುತ್ತೆ, ದೋಷ ಬಯಲಾದ ಮೇಲೆ ನನ್ನ ಕೈಗೆ ಎಷ್ಟು ದಿನದಲ್ಲಿ ಮುಟ್ಟುತ್ತೆ, ಹಾಕಿ ಕೆಟ್ಟರೆ ಯಾರು ಬಂದು ಸರಿಮಾಡ್ತಾರೆ, ಈ ಮೂರು ಕೇಳಿ. ಕೊಟೇಶನ್ನಿನಲ್ಲೇ ಇರಲಿ.

ಮಾವ: ಅವಧಿ ಮುಗಿದದ್ದು ಅಂತ ಗೊತ್ತಾದ್ರೆ ಏನು ಮಾಡಲಿ? ಒಂದೊಂದಕ್ಕೂ ಅಷ್ಟು ದುಡ್ಡು ಕೊಟ್ಟಿದೀನಿ. ಮಾತ್ರೆ ಹಾಗೆ ವಾಪಸ್ ಕಳಿಸಿ ಕ್ರೆಡಿಟ್ ನೋಟ್ ತಗೊಳ್ಳೋಕಾಗುತ್ತಾ?

ಸೊಸೆ: ಬಿಸಾಡಬೇಡಿ. ರೂಟರಿನಲ್ಲಿ ಅವಕ್ಕೇ ಬೇರೆ ಒಂದು ನೆಟ್‌ವರ್ಕ್ ಮಾಡಿಸಿ. ಅಲ್ಲಿಂದ ಸ್ಟಾಕ್ ಸರ್ವರಿನ ಒಂದು ಬಾಗಿಲಿಗೆ ಮಾತ್ರ ದಾರಿ ಇರಲಿ. ಬ್ಯಾಂಕಿಂಗ್ ಮಾಡೋ ಕಂಪ್ಯೂಟರಿಗೆ, ಇಂಟರ್ನೆಟ್ಟಿಗೆ ದಾರಿ ಬೇಡ. ಅವು ಕೆಟ್ಟರೂ ಹಾನಿ ಅಷ್ಟಕ್ಕೇ ನಿಲ್ಲುತ್ತೆ. ಇನ್ನೂ ತಿದ್ದುಪಡಿ ಬರ್ತಿರೋವಕ್ಕೆ ಮಾತ್ರ ತಿಂಗಳಿಗೆ ಒಂದು ದಿನ ಗೊತ್ತು ಮಾಡಿ. ತಿಂಗಳ ಕೊನೆಯ ಸ್ಟಾಕ್ ಲೆಕ್ಕದ ದಿನ ಬೇಡ. ಒಂದಕ್ಕೆ ಹಾಕಿ, ಹುಡುಗನ ಕೈಲಿ ಕೊಟ್ಟು ಮುಂದಿನ ಕೌಂಟರಿನಿಂದ ಕೊನೆಯ ರ‍್ಯಾಕಿನವರೆಗೆ ಎರಡು ದಿನ ಓಡಾಡಿಸಿ. ಒಂದು ರೂಟರಿನಿಂದ ಇನ್ನೊಂದಕ್ಕೆ ದಾಟುವಾಗ ಸಂಪರ್ಕ ಕಡಿಯುತ್ತಾ, ಬ್ಯಾಟರಿ ಸಂಜೆ ತನಕ ಬರುತ್ತಾ, ನೋಡಿ. ಆಮೇಲೆ ಉಳಿದವಕ್ಕೆ.

ಮಾವ: ಆಯ್ತು. ಒಂದಕ್ಕೆ ಇವತ್ತೇ ಹಾಕು, ನೀನಿರುವಾಗಲೇ. ದೇಶ ಯಾವುದು ಅಂತ ಮೊದಲು ನೋಡು.

ಸೊಸೆ: ನೋಡಿದೆ. ಈ ಸಲ ಭಾರತವೇ ಇದೆ. ಹೊಸ ಸ್ಕ್ಯಾನರ್ ತಗೊಳ್ಳೋ ಯೋಚನೆ ಇದೆ ಅಂತ ಅತ್ತೆ ಹೇಳ್ತಿದ್ರು?

ಮಾವ: ಇದೆ. ಎರಡು ಕಡೆ ರೇಟ್ ತರಿಸಿದೀನಿ. ಒಬ್ಬ ಹಳೇ ಮಾದರಿ, ನೋಡೋಕೆ ಗಟ್ಟಿಮುಟ್ಟು, ಹೊಸದರ ಬೆಲೆಯನ್ನೇ ಹೇಳ್ತಿದ್ದಾನೆ. ನಾಳೆ ಫೋನ್ ಮಾಡಿ ಆ ತಿಂಗಳು ವರ್ಷ ಕೇಳ್ತೀನಿ. ಒಂದೇ ವರ್ಷ ಉಳಿದಿದೆ ಅಂದ್ರೆ ತಗೊಳ್ಳಬಾರದು ಅಂತೇನಿಲ್ಲ. ಆದರೆ ಮೂವತ್ತು ವರ್ಷ ಔಷಧಿ ಮಾರಿದೋನು ನಾನು, ಶಾರ್ಟ್ ಎಕ್ಸ್‌ಪೈರಿ ಮಾಲಿಗೆ ಪೂರ್ತಿ ರೇಟು ಕೊಡೋನಲ್ಲ.